ಮಂಗನ ಕಾಯಿಲೆಗೆ ತಯಾರಿ ಮಳೆಗಾಲದಲ್ಲೇ ಶುರುವಾಗಬೇಕು

ಒಂದು ವರ್ಷ ಫೆಬ್ರವರಿಯ ಒಂದು ಸೋಮವಾರ, ದನ ಮೇಯಿಸಲು ಹೋದ ಹುಡುಗ ಊರಿನ ಮೇಲಿನ ಸೊಪ್ಪಿನ ಬೆಟ್ಟದಲ್ಲಿ ಸತ್ತ ಮುಸ್ಯವನ್ನು (ಕಪ್ಪು ಮುಖದ ಮಂಗ) ನೋಡಿದ. ಮನೆಗೆ ಬಂದು ಹೇಳಿದ. ಮನೆಯವರು ಒಂದು ಕಚೇರಿಗೆ ಫೋನ್ ಮಾಡಿದರು. ಪೋಸ್ಟ್ ಮಾರ್ಟಂ ಮಾಡುವವರು ಬೇರೆಯವರು, ಅವರಿಗೆ ಹೇಳಿ ಅಂದರು. ಎರಡನೇ ಕಚೇರಿಯವರು ಮೊದಲನೆಯವರಿಂದ ಪತ್ರ ಬೇಕು ಅಂದರು. ಮೂರನೆಯವರು ಲ್ಯಾಬ್ ವರದಿ ಬರದೆ ಉಣುಗು (ಉಣ್ಣೆ ಹುಳ) ಕೊಲ್ಲುವ ಪುಡಿ ಹೊಡೆಯಲು ಆಗುವುದಿಲ್ಲ ಅಂದರು. ಆ ಮೂರರಲ್ಲಿ ಒಂದು ನಾನು ಕೆಲಸ ಮಾಡುತ್ತಿದ್ದ ಕಚೇರಿಯೇ. ಶನಿವಾರ ಪುಡಿ ಹೊಡೆದರು. ಅಷ್ಟರಲ್ಲಿ, ಬುಧವಾರವೇ, ನಮ್ಮ ಪಕ್ಕದ ಮನೆಯ ಹೆಂಗಸು ಅದೇ ಬೆಟ್ಟದಿಂದ ಎರಡು ಹೊರೆ ದರಗು (ಒಣ ಎಲೆ) ಗುಡಿಸಿ ತಂದಿದ್ದರು. ಮುಂದಿನ ಮಂಗಳವಾರ ಅವರಿಗೆ ಮಂಗನ ಕಾಯಿಲೆಯ ಜ್ವರ ಬಂತು. ಬದುಕಿದರು. ಆದರೆ ಒಂದೂವರೆ ತಿಂಗಳು ಕೊಟ್ಟಿಗೆಗೆ ಕಾಲಿಡುವ ಶಕ್ತಿ ಇರಲಿಲ್ಲ.

ಅಲ್ಲಿ ಯಾರೂ ಕೆಟ್ಟವರಿರಲಿಲ್ಲ. ಪುಡಿ ಇತ್ತು, ಡಾಕ್ಟರು ಇದ್ದರು. ಇವರೆಲ್ಲ ಅದಕ್ಕೆ ಮೊದಲು ಒಂದು ಸಲವೂ ಒಟ್ಟಿಗೆ ಕೂತು ಮಾತಾಡಿರಲಿಲ್ಲ, ಅಷ್ಟೇ. ನಾನು 31 ವರ್ಷ ಮಲೆನಾಡಿನ ಪಶು ಆಸ್ಪತ್ರೆಗಳಲ್ಲಿ ವೆಟರ್ನರಿ ಇನ್‌ಸ್ಪೆಕ್ಟರ್ ಆಗಿದ್ದೆ. ನಿವೃತ್ತಿಯಾದ ಮೇಲೆ ನಮ್ಮ ಊರಲ್ಲಿ ಪ್ರತಿ ವರ್ಷ ಈ ತಯಾರಿ ಮಾಡುತ್ತಿದ್ದೇವೆ. ಕಾಡಿನ ಅಂಚಿನ ಬೇರೆ ಊರಿನವರೂ ಮಾಡಿಕೊಳ್ಳಲಿ ಅಂತ ನಮ್ಮ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ರೋಗದ ದಾರಿ ತಿಳಿದಿರಲಿ

ಈ ರೋಗ ಮೊದಲು ಗೊತ್ತಾದದ್ದು ನಮ್ಮ ಶಿವಮೊಗ್ಗ ಜಿಲ್ಲೆಯಲ್ಲೇ. 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದವು, ಹಳ್ಳಿಗಳಲ್ಲಿ ಜನರಿಗೆ ಜ್ವರ. ಮಂಗ ಸಾಯುವುದನ್ನು ಕಂಡು ಹಳದಿ ಜ್ವರ ನಮ್ಮ ದೇಶಕ್ಕೂ ಬಂತೇನೋ ಅಂತ ಮೊದಲು ಹೆದರಿದ್ದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹುಡುಕಿದಾಗ ಅದು ಉಣುಗಿನಿಂದ ಹರಡುವ ಹೊಸ ವೈರಸ್ ಅಂತ ತಿಳಿಯಿತು. ರಷ್ಯಾ ಕಡೆಯ ಒಂದು ವೈರಸ್ಸಿಗೆ ಇದು ಹತ್ತಿರದ ಸಂಬಂಧಿ. ಹಾಗಾದರೆ ವಲಸೆ ಹಕ್ಕಿಗಳ ಮೈಮೇಲೆ ಕೂತು ಉಣುಗು ಬಂತಾ ಅಂತ ನೋಡಲು ಪಕ್ಷಿ ತಜ್ಞ ಸಲೀಂ ಅಲಿ ಅವರ ತಂಡವೂ ಹಕ್ಕಿ ಹಿಡಿದು ಕಾಲಿಗೆ ಬಳೆ ಹಾಕುವ ಕೆಲಸಕ್ಕೆ ಇಳಿಯಿತು. ಮನುಷ್ಯರ ಡಾಕ್ಟರು, ಕೀಟ ತಜ್ಞರು, ಮಂಗ ತಿಳಿದವರು, ಹಕ್ಕಿ ತಿಳಿದವರು ಎಲ್ಲ ಒಂದೇ ಪ್ರಶ್ನೆಯ ಹಿಂದೆ ಬಿದ್ದಿದ್ದರು. ಮನುಷ್ಯ, ಪ್ರಾಣಿ, ಪರಿಸರ ಮೂರರ ಆರೋಗ್ಯವನ್ನೂ ಒಟ್ಟಿಗೆ ನೋಡುವುದಕ್ಕೆ ಈಗ 'ಒನ್ ಹೆಲ್ತ್' ಅಂತ ಹೆಸರಿಟ್ಟಿದ್ದಾರೆ, ಅದನ್ನು ನಮ್ಮ ಕಾಡಿನಲ್ಲಿ ಆಗಲೇ ಮಾಡಿದ್ದರು. ನನಗೆ ಅದು ಹೆಮ್ಮೆ.

ಉಣುಗಿನ ವರ್ಷವನ್ನು ತಿಳಿದುಕೊಂಡರೆ ನಮ್ಮ ಕೆಲಸದ ಕ್ಯಾಲೆಂಡರ್ ತಾನಾಗಿ ಸಿಗುತ್ತದೆ. ಮಳೆ ಶುರುವಾದಾಗ ದೊಡ್ಡ ಉಣುಗು ಎದ್ದು ದನ, ಕಡವೆಯಂಥ ದೊಡ್ಡ ಪ್ರಾಣಿಗಳ ಮೈ ಹತ್ತುತ್ತದೆ. ರಕ್ತ ಕುಡಿದು ಉಬ್ಬಿ, ನೆಲಕ್ಕೆ ಬಿದ್ದು, ದರಗಿನ ಅಡಿ ಮೊಟ್ಟೆ ಇಡುತ್ತದೆ. ಮಳೆ ಹಿಂದೆ ಸರಿಯುವಾಗ ಮರಿ ಹೊರಡುತ್ತವೆ. ಇಲಿ, ಹಕ್ಕಿ, ಮಂಗ, ಸಿಕ್ಕಿದ್ದನ್ನು ಕಚ್ಚುತ್ತವೆ. ವೈರಸ್ ಇರುವ ಪ್ರಾಣಿಯನ್ನು ಕಚ್ಚಿದ ಮರಿ ಮುಂದಿನ ಹಂತಕ್ಕೆ ಬೆಳೆದಾಗ ವೈರಸ್ಸನ್ನು ಜೊತೆಗೇ ಒಯ್ಯುತ್ತದೆ. ನವೆಂಬರ್, ಡಿಸೆಂಬರ್‌ನಿಂದ ಮೇ ತನಕ ಜನರನ್ನು ಕಚ್ಚುವುದು ಈ ನಡುವಯಸ್ಸಿನ ಉಣುಗು. ಎಳ್ಳಿಗಿಂತ ಚಿಕ್ಕದು. ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ನಾವು ಅಡಿಕೆ ಕೊಯ್ಲು ಮುಗಿಸಿ ಬೆಟ್ಟಕ್ಕೆ ದರಗಿಗೆ, ಸೌದೆಗೆ ಹೋಗುವುದು ಸರಿಯಾಗಿ ಅದೇ ತಿಂಗಳುಗಳಲ್ಲಿ.

ಮಂಗ ಸತ್ತರೆ ಅದರ ಮೈಮೇಲಿನ ಉಣುಗೆಲ್ಲ ಕೆಳಗಿಳಿದು ಅಲ್ಲೇ ಹರಡುತ್ತವೆ. ಅದಕ್ಕೇ ಆ ಜಾಗ ಅಷ್ಟು ಅಪಾಯ. ರೋಗ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಜ್ವರ ಬಂದವರ ಮನೆಗೆ ಹೋಗದೆ ದೂರ ಇಡುವುದು ತಪ್ಪು, ಇದನ್ನು ಊರಲ್ಲಿ ಮತ್ತೆ ಮತ್ತೆ ಹೇಳಿ.

ಆಗಸ್ಟ್‌ನಲ್ಲಿ ಒಂದು ಸಭೆ, ಹಾಲಿನ ಡೈರಿಯಲ್ಲಿ

ಸಭೆಯನ್ನು ಕಚೇರಿಯಲ್ಲಿ ಕರೆಯಬೇಡಿ. ಕಚೇರಿಯಲ್ಲಿ ಕರೆದರೆ ಸಾಹೇಬರು ಕುರ್ಚಿಯಲ್ಲಿ, ಜನ ಬಾಗಿಲಲ್ಲಿ. ನಾವು ಬೆಳಿಗ್ಗೆ ಹಾಲು ಹಾಕುವ ಹೊತ್ತಿಗೆ ಡೈರಿಯಲ್ಲೇ ಸೇರುತ್ತೇವೆ. ಅರ್ಧ ಊರು ಅಲ್ಲಿ ಹೇಗೂ ಇರುತ್ತದೆ.

ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು, ಆಶಾ ಕಾರ್ಯಕರ್ತೆ, ಪಶು ವೈದ್ಯರು, ಅರಣ್ಯ ಇಲಾಖೆಯ ಗಾರ್ಡ್ ಮತ್ತು ವಾಚರ್, ಪಿಡಿಒ, ಶಾಲೆಯ ಒಬ್ಬ ಮೇಷ್ಟ್ರು, ಇಷ್ಟು ಜನ ಬೇಕೇ ಬೇಕು. ಆದರೆ ನನ್ನ ಅನುಭವದಲ್ಲಿ ಇವರಿಗಿಂತ ಮುಖ್ಯವಾದವರು ಇನ್ನೂ ಮೂವರು. ದನ ಮೇಯಿಸುವವರು, ದರಗು ತರುವ ಹೆಂಗಸರು, ದೇವಸ್ಥಾನದ ಅರ್ಚಕರು.

ಅರ್ಚಕರು ಯಾಕೆ ಅಂತ ಒಬ್ಬ ಡಾಕ್ಟರು ನನ್ನನ್ನು ಕೇಳಿದ್ದರು. ನಮ್ಮಲ್ಲಿ ಮಂಗ ಸತ್ತರೆ ಅದು ಆಂಜನೇಯ. ಅರಿಶಿನ ಕುಂಕುಮ ಹಚ್ಚಿ, ಹೂವು ಹಾಕಿ, ಹೊತ್ತುಕೊಂಡು ಹೋಗಿ ಹೂಳುತ್ತಾರೆ. ಆ ಭಕ್ತಿ ದೊಡ್ಡದು, ಅದನ್ನು ತಪ್ಪು ಅನ್ನುವ ಹಕ್ಕು ನನಗಿಲ್ಲ. ಆದರೆ ಸತ್ತ ಮಂಗವನ್ನು ಮುಟ್ಟಿದ ಕೈಗೆಲ್ಲ ಉಣುಗು ಹತ್ತುತ್ತದೆ. ನಮ್ಮ ಅರ್ಚಕರು ಆ ಸಭೆಯಲ್ಲಿ ಪೂರ್ತಿ ಕೇಳಿಸಿಕೊಂಡು, 'ದೇಹವನ್ನು ಇಲಾಖೆಯವರು ಸುಡಲಿ, ಪೂಜೆಯನ್ನು ನಾನು ಗುಡಿಯಲ್ಲಿ ಮಾಡುತ್ತೇನೆ, ಯಾರೂ ಬೆಟ್ಟಕ್ಕೆ ಹೋಗಬೇಡಿ' ಅಂದರು. ಆ ಮಾತಿಗೆ ನಾವು ಹಂಚಿದ ಯಾವ ಕರಪತ್ರಕ್ಕೂ ಇಲ್ಲದ ತೂಕ ಬಂತು.

ಸಭೆಯಲ್ಲಿ ಭಾಷಣ ಬೇಡ. ಒಬ್ಬೊಬ್ಬರಿಗೂ ಒಂದೇ ಪ್ರಶ್ನೆ ಕೇಳಿ: 'ನಿಮ್ಮ ಕೆಲಸ ಮಾಡಲು ಇಲ್ಲಿರುವ ಬೇರೆ ಯಾರಿಂದ ಏನು ಬೇಕು?' ಪಶು ವೈದ್ಯರು ಹೇಳುತ್ತಾರೆ, ಅರಣ್ಯದವರು ಜೊತೆಗಿಲ್ಲದೆ ನಾನು ಮಂಗಕ್ಕೆ ಕತ್ತರಿ ಹಾಕುವಂತಿಲ್ಲ ಅಂತ. ವಾಚರ್ ಹೇಳುತ್ತಾರೆ, ಸುಡಲು ಸೌದೆ, ಸೀಮೆಎಣ್ಣೆ ಯಾರು ಕೊಡುತ್ತಾರೆ ಅಂತ. ಅದಕ್ಕೆ ಪಿಡಿಒ ಅಲ್ಲೇ ಉತ್ತರ ಕೊಡಬೇಕು. ಆಶಾ ಹೇಳುತ್ತಾರೆ, ಮಂಗ ಎಲ್ಲಿ ಸತ್ತಿದೆ ಅಂತ ನನಗೆ ಕೊನೆಗೆ ಗೊತ್ತಾಗುತ್ತದೆ, ಮೊದಲು ಗೊತ್ತಾಗಬೇಕು ಅಂತ. ಇದನ್ನೆಲ್ಲ ಶಾಲೆ ಮೇಷ್ಟ್ರು ಬರೆದುಕೊಳ್ಳಲಿ.

ಮಳೆಯಲ್ಲಿ ದನದ ಕಿವಿ ನೋಡಿ

ಈ ಭಾಗ ನನ್ನ ಸ್ವಂತ ಕೆಲಸ, ಹಾಗಾಗಿ ಸ್ವಲ್ಪ ಜಾಸ್ತಿ ಹೇಳುತ್ತೇನೆ. ದನಕ್ಕೆ ಈ ರೋಗದಿಂದ ತೊಂದರೆ ಇಲ್ಲ. ಅದಕ್ಕೇ ದನದ ಕಡೆ ಯಾರೂ ನೋಡುವುದಿಲ್ಲ. ಆದರೆ ದೊಡ್ಡ ಉಣುಗು ಹೊಟ್ಟೆ ತುಂಬಿಸಿಕೊಳ್ಳುವುದು ಬಹಳ ಮಟ್ಟಿಗೆ ಕಾಡಿಗೆ ಮೇಯಲು ಹೋಗುವ ನಮ್ಮ ದನದ ಮೇಲೇ. ಒಂದು ಉಬ್ಬಿದ ಹೆಣ್ಣು ಉಣುಗು ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಜುಲೈನಲ್ಲಿ ನಿಮ್ಮ ದನದ ಮೇಲೆ ಒಂದು ಉಣುಗು ಸತ್ತರೆ, ಜನವರಿಯಲ್ಲಿ ಬೆಟ್ಟದಲ್ಲಿ ಎಷ್ಟು ಕಡಿಮೆಯಾಗುತ್ತವೆ ಲೆಕ್ಕ ಹಾಕಿ.

ನೋಡುವ ಕ್ರಮ ಹೀಗೆ. ದನವನ್ನು ಬೆಳಕಿನಲ್ಲಿ ಕಟ್ಟಿ. ಮೊದಲು ಕಿವಿಯನ್ನು ಒಳಮುಖ ಮಾಡಿ ಮಡಚಿ, ಕಿವಿಯ ಬುಡದ ಮೆತ್ತನೆ ಜಾಗದಲ್ಲಿ ಬೆರಳಾಡಿಸಿ. ಅವರೆಕಾಳಿನಂತೆ ಗಟ್ಟಿಯಾಗಿ ಸಿಕ್ಕರೆ ಉಬ್ಬಿದ ಉಣುಗು. ಸಾಸಿವೆಯಂತೆ ತರಿತರಿ ಸಿಕ್ಕರೆ ಈಗಷ್ಟೇ ಹತ್ತಿದ್ದು. ಆಮೇಲೆ ಗಂಗೆದೊಗಲಿನ (ಕುತ್ತಿಗೆಯ ಕೆಳಗೆ ಜೋಲುವ ಚರ್ಮ) ಮಡಿಕೆ, ಮುಂಗಾಲಿನ ಸಂದು, ಕೆಚ್ಚಲಿನ ಹಿಂಭಾಗ, ಬಾಲದ ಬುಡ. ಕೈಯಿಂದ ಕಿತ್ತು ನೆಲಕ್ಕೆ ಎಸೆಯಬೇಡಿ, ಉಗುರಿನಲ್ಲಿ ಒತ್ತಿ ಒಡೆಯಬೇಡಿ.

ಬೆನ್ನ ಮೇಲೆ ಸುರಿಯುವ ಔಷಧಿ ಬರುತ್ತದೆ. ಹೆಗಲಿನಿಂದ ಬಾಲದ ಬುಡದವರೆಗೆ ಬೆನ್ನುಹುರಿಯ ಗೆರೆಯಲ್ಲಿ ತೆಳ್ಳಗೆ ಸುರಿಯುವುದು. ಚುಚ್ಚುಮದ್ದೂ ಇದೆ. ಯಾವ ದನಕ್ಕೆ ಯಾವುದು, ಎಷ್ಟು, ಹಾಲು ಕೊಡುವ ದನವಾದರೆ ಎಷ್ಟು ದಿನ ಹಾಲು ಬಳಸಬಾರದು, ಇದನ್ನು ಪಶು ವೈದ್ಯರನ್ನು ಕೇಳಿಯೇ ಮಾಡಿ. ಒಂದು ಮನೆಯವರು ಹಾಕಿ ಇನ್ನೊಂದು ಮನೆಯವರು ಬಿಟ್ಟರೆ ಉಪಯೋಗ ಕಡಿಮೆ. ಒಂದೇ ಬೆಟ್ಟಕ್ಕೆ ಹೋಗುವ ದನಕ್ಕೆಲ್ಲ ಒಂದೇ ವಾರದಲ್ಲಿ ಹಾಕಿಸಬೇಕು. ಇದನ್ನು ಡೈರಿ ಕಾರ್ಯದರ್ಶಿ ಚೆನ್ನಾಗಿ ನೋಡಿಕೊಳ್ಳುತ್ತಾರೆ, ಅವರ ಹತ್ತಿರ ಎಲ್ಲ ಮನೆಯ ದನದ ಲೆಕ್ಕ ಇರುತ್ತದೆ. ದೀಪಾವಳಿ ಗೋಪೂಜೆಗೆ ದನ ತೊಳೆಯುವಾಗ ಇನ್ನೊಂದು ಸಲ ಕಿವಿ ನೋಡುವುದನ್ನು ನಮ್ಮ ಊರಿನ ಮಕ್ಕಳು ಈಗ ರೂಢಿ ಮಾಡಿಕೊಂಡಿದ್ದಾರೆ.

ಊರಿನ ನಕ್ಷೆ

ಹಳೆಯ ಕ್ಯಾಲೆಂಡರಿನ ಹಿಂಬದಿ ಸಾಕು. ಮನೆಗಳು, ತೋಟ, ಹಳ್ಳ, ಸೊಪ್ಪಿನ ಬೆಟ್ಟ, ದನ ಹೋಗುವ ದಾರಿ, ಹೆಂಗಸರು ದರಗಿಗೆ ಹೋಗುವ ದಾರಿ, ಮಕ್ಕಳು ಶಾಲೆಗೆ ಹೋಗುವ ಒಳದಾರಿ. ಹಿಂದಿನ ವರ್ಷಗಳಲ್ಲಿ ಮಂಗ ಸತ್ತ ಜಾಗಕ್ಕೆ ಕೆಂಪು ಚುಕ್ಕೆ, ಜ್ವರ ಬಂದ ಮನೆಗೆ ನೀಲಿ ಚುಕ್ಕೆ. ನಮ್ಮ ನಕ್ಷೆ ಬರೆದ ದಿನವೇ ಒಂದು ಸಂಗತಿ ಕಂಡಿತು. ಕೆಂಪು ಚುಕ್ಕೆಗಳು ದಟ್ಟ ಕಾಡಿನಲ್ಲಿ ಇರಲಿಲ್ಲ. ಕಾಡು, ತೋಟ, ಮೇವಿನ ಜಾಗ ಮೂರೂ ಸೇರುವ ಅಂಚಿನಲ್ಲಿ ಇದ್ದವು. ಸಂಶೋಧಕರು ಪಶ್ಚಿಮ ಘಟ್ಟದಲ್ಲಿ ಕಂಡುಕೊಂಡದ್ದೂ ಇದನ್ನೇ. ಕಾಡು ಮತ್ತು ತೋಟ ಹೆಣೆದುಕೊಂಡ, ದನ ಜಾಸ್ತಿ ಇರುವ ಕಡೆ ಅಪಾಯ ಹೆಚ್ಚು. 1983ರಲ್ಲಿ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆ ಬಳಿ ಗೇರು ತೋಟಕ್ಕೆಂದು ಕಾಡು ಕಡಿದ ಮೇಲೆ ಅಲ್ಲಿ ದೊಡ್ಡದಾಗಿ ರೋಗ ಎದ್ದಿತ್ತು. ಹೊಸದಾಗಿ ಕಾಡು ತೆರವಾದ ಜಾಗ ನಿಮ್ಮ ಊರಲ್ಲಿದ್ದರೆ ಅದನ್ನು ಬೇರೆ ಬಣ್ಣದಲ್ಲಿ ಬರೆದಿಡಿ.

ಮಂಗ ಸತ್ತ ದಿನ

ಯಾರು ಯಾರಿಗೆ ಫೋನ್ ಮಾಡಬೇಕು ಅನ್ನುವುದು ಮೊದಲೇ ತೀರ್ಮಾನ ಆಗಿರಬೇಕು. ನಮ್ಮಲ್ಲಿ ನೋಡಿದವರು ಒಬ್ಬರಿಗೆ ಮಾತ್ರ ಹೇಳುತ್ತಾರೆ: ಆಶಾ ಕಾರ್ಯಕರ್ತೆಗೆ. ಅವರು ಸಿಗದಿದ್ದರೆ ಡೈರಿಗೆ. ಆಶಾ ಒಂದೇ ಸಲಕ್ಕೆ ವಾಟ್ಸಾಪ್ ಗುಂಪಿನಲ್ಲಿ ಹಾಕುತ್ತಾರೆ. ಗುಂಪಿನಲ್ಲಿ ಗಾರ್ಡ್, ಪಶು ವೈದ್ಯರು, ಆರೋಗ್ಯ ಕೇಂದ್ರದವರು, ಪಿಡಿಒ ಎಲ್ಲ ಇದ್ದಾರೆ. ಒಬ್ಬರಿಂದ ಇನ್ನೊಬ್ಬರಿಗೆ ಹೋಗಿ ಕೇಳುವ ಕೆಲಸ ಊರಿನವರದ್ದಲ್ಲ. ನಮ್ಮ ಕಡೆ ಎಷ್ಟೋ ಬೆಟ್ಟದಲ್ಲಿ ಸಿಗ್ನಲ್ ಇಲ್ಲ, ಹಾಗಾಗಿ ಸಿಗ್ನಲ್ ಸಿಗುವ ಮೂರು ಜಾಗವನ್ನೂ ನಕ್ಷೆಯಲ್ಲಿ ಗುರುತು ಹಾಕಿದ್ದೇವೆ.

ನೋಡಿದವರು ಹತ್ತಿರ ಹೋಗಬಾರದು. ದೂರದಿಂದ ದಾರಿಗೆ ಅಡ್ಡ ಒಂದು ಕೊಂಬೆ ಕಡಿದು ಹಾಕಿ, ಬಟ್ಟೆ ಕಟ್ಟಿ ಬನ್ನಿ. ಪೋಸ್ಟ್ ಮಾರ್ಟಂ, ಮಾದರಿ ತೆಗೆಯುವುದು, ಸುಡುವುದು ಇಲಾಖೆಯವರ ಕೆಲಸ, ರಕ್ಷಣೆಯ ಉಡುಪು ಹಾಕಿಕೊಂಡೇ ಆಗಬೇಕು. ಸುತ್ತಲೂ ಮೆಲಾಥಿಯಾನ್ ಪುಡಿ ಹೊಡೆಯಬೇಕು. ಇದಕ್ಕೆ ಲ್ಯಾಬ್ ವರದಿಗೆ ಕಾಯಬಾರದು ಅನ್ನುವುದನ್ನು ಆಗಸ್ಟ್ ಸಭೆಯಲ್ಲೇ ಒಪ್ಪಿಸಿಕೊಳ್ಳಿ, ಪುಡಿಯ ದಾಸ್ತಾನು ಯಾವ ಕೋಣೆಯಲ್ಲಿದೆ, ಬೀಗದ ಕೈ ಯಾರ ಹತ್ತಿರ ಅಂತಲೂ ಬರೆಸಿಕೊಳ್ಳಿ. ಕೀಲಿ ಇದ್ದವರು ರಜೆ ಹೋದದ್ದರಿಂದ ಒಂದು ದಿನ ಹಾಳಾದದ್ದನ್ನು ನಾನು ನೋಡಿದ್ದೇನೆ.

ಒಂದು ಸಲ ಶಿವಮೊಗ್ಗದಿಂದ ಕೀಟ ವಿಭಾಗದವರು ಉಣುಗು ಹಿಡಿಯಲು ಬಂದಾಗ ನಾನೂ ಜೊತೆಗೆ ಹೋಗಿದ್ದೆ. ಮೆತ್ತನೆ ಬಿಳಿ ಫ್ಲಾನೆಲ್ ಬಟ್ಟೆಯನ್ನು ಕೋಲಿಗೆ ಕಟ್ಟಿ ದರಗಿನ ಮೇಲೆ ನಿಧಾನ ಎಳೆಯುತ್ತಾರೆ. ಹತ್ತು ಹೆಜ್ಜೆ ಎಳೆದು ತಿರುಗಿಸಿದರು. ಮೊದಲು ಏನೂ ಕಾಣಲಿಲ್ಲ. ಕಣ್ಣು ಹತ್ತಿರ ತಂದಾಗ ಧೂಳಿನ ಚುಕ್ಕೆ ಅಂದುಕೊಂಡದ್ದು ನಡೆಯಲು ಶುರು ಮಾಡಿತು. ಒಂದಲ್ಲ, ನಲವತ್ತಕ್ಕೂ ಜಾಸ್ತಿ. ಚಿಮಟದಲ್ಲಿ ಒಂದೊಂದೇ ಎತ್ತಿ ಸೀಸೆಗೆ ಹಾಕಿದರು. ಅದನ್ನು ಪರೀಕ್ಷೆಗೆ ಕಳಿಸಿ ವೈರಸ್ ಇದೆಯಾ ನೋಡುತ್ತಾರೆ. ಆ ಬಿಳಿ ಬಟ್ಟೆಯ ಫೋಟೋ ಒಂದನ್ನು ಡೈರಿ ಗೋಡೆಗೆ ಅಂಟಿಸಿದ್ದೇವೆ. ಅದನ್ನು ನೋಡಿದವರು ಉಣುಗನ್ನು ದೂರ ಇಡುವ ಎಣ್ಣೆ ಹಚ್ಚದೆ ಬೆಟ್ಟಕ್ಕೆ ಹೋಗುವುದಿಲ್ಲ. ಆದರೆ ನೀವೇ ಬಟ್ಟೆ ಎಳೆಯಲು ಹೋಗಬೇಡಿ.

ದರಗು, ಎಣ್ಣೆ, ಬಿಸಿನೀರು

ಕಾಡಿಗೆ ಹೋಗಬೇಡಿ ಅಂತ ಮೈಕಿನಲ್ಲಿ ಕೂಗಿದರೆ ಏನೂ ಆಗುವುದಿಲ್ಲ. ದರಗು ಇಲ್ಲದೆ ಕೊಟ್ಟಿಗೆ ಇಲ್ಲ, ಗೊಬ್ಬರ ಇಲ್ಲ, ತೋಟ ಇಲ್ಲ. ಬದಲಿಗೆ ಕೆಲಸದ ಹೊತ್ತು ಬದಲಿಸಿಕೊಳ್ಳಿ. ಆಗುವಷ್ಟು ದರಗನ್ನು ಡಿಸೆಂಬರ್ ಮೊದಲೇ ತಂದಿಟ್ಟುಕೊಳ್ಳಿ. ಆಮೇಲೆ ಬೇಕಾದರೆ ಕೆಂಪು ಚುಕ್ಕೆ ಇಲ್ಲದ ಬೆಟ್ಟಕ್ಕೆ ಹೋಗಿ. ಯಾವ ಬೆಟ್ಟ ಅಂತ ಆಶಾ ಪ್ರತಿ ವಾರ ಡೈರಿ ಬೋರ್ಡಿನಲ್ಲಿ ಬರೆಯುತ್ತಾರೆ.

ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ರೂಪಿಸಿದ, ಉಣುಗನ್ನು ದೂರ ಇಡುವ ಡೆಪಾ ಎಣ್ಣೆಯನ್ನು ಆರೋಗ್ಯ ಇಲಾಖೆ ಉಚಿತವಾಗಿ ಕೊಡುತ್ತದೆ. ಕೈ, ಕಾಲು, ಕುತ್ತಿಗೆಗೆ ಹಚ್ಚಿಕೊಂಡು ಹೋಗಬೇಕು. ವಾಸನೆ ಹಿಡಿಸುವುದಿಲ್ಲ ಅಂತ ಎಷ್ಟೋ ಜನ ಬಾಟಲಿಯನ್ನು ಅಟ್ಟದ ಮೇಲೆ ಇಡುತ್ತಾರೆ. ಮನೆಯಲ್ಲಿ ಬಾಟಲಿ ಇಡುವ ಬದಲು ಬೆಟ್ಟದ ದಾರಿ ಶುರುವಾಗುವ ಮನೆಯ ಜಗುಲಿಯಲ್ಲಿ ಒಂದು ಬಾಟಲಿ ಇಟ್ಟೆವು. ಹೋಗುವವರು ಅಲ್ಲೇ ಹಚ್ಚಿಕೊಳ್ಳುತ್ತಾರೆ. ಬಳಕೆ ಜಾಸ್ತಿಯಾಯಿತು. ತುಂಬು ತೋಳಿನ ಅಂಗಿ, ಪ್ಯಾಂಟಿನ ತುದಿ ಕಾಲುಚೀಲದೊಳಗೆ. ನೆಲದಲ್ಲಿ ಕೂರಬೇಡಿ, ಊಟಕ್ಕೂ. ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಬಿಸಿನೀರಿನ ಸ್ನಾನ. ಹಿಂಡಿನ ಹಿಂದೆ ಓಡಾಡುವ ಮಕ್ಕಳ ತಲೆ, ಕಿವಿ ಹಿಂದೆ, ಕಂಕುಳು ನೋಡಿ. ಉಣುಗು ಕಚ್ಚಿದ್ದರೆ ಚಿಮಟದಲ್ಲಿ ಚರ್ಮದ ಹತ್ತಿರ ಹಿಡಿದು ನೇರ ಎಳೆದು ತೆಗೆದು, ಜಾಗವನ್ನು ತೊಳೆಯಿರಿ.

ಲಸಿಕೆಯ ಬಗ್ಗೆ ಎಲ್ಲರೂ ಕೇಳುತ್ತಾರೆ. ಮೊದಲು ಕೊಡುತ್ತಿದ್ದ ಲಸಿಕೆಯನ್ನು ಈಗ ನಿಲ್ಲಿಸಿದ್ದಾರೆ. ಹೊಸದರ ಕೆಲಸ ನಡೆದಿದೆ. ಅದು ಕೈಗೆ ಬರುವ ತನಕ ಉಣುಗಿನಿಂದ ತಪ್ಪಿಸಿಕೊಳ್ಳುವುದೇ ದಾರಿ.

ಜ್ವರ ಬಂದರೆ

ಕಚ್ಚಿದ 3ರಿಂದ 8 ದಿನದಲ್ಲಿ ಜ್ವರ ಧಡಕ್ಕನೆ ಏರುತ್ತದೆ. ಚಳಿ, ಹಣೆ ಒಡೆಯುವ ತಲೆನೋವು, ಸೊಂಟ ಕಾಲು ಹಿಂಡುವ ನೋವು, ಕೆಂಪು ಕಣ್ಣು, ವಾಂತಿ. ಕೆಲವರಿಗೆ ವಸಡು, ಮೂಗಿನಲ್ಲಿ ರಕ್ತ. ಡೆಂಗಿ, ಇಲಿ ಜ್ವರವೂ ಹೀಗೇ ಇರುತ್ತವೆ, ಹಾಗಾಗಿ ವೈದ್ಯರಿಗೆ ನೀವೇ ಬಾಯಿಬಿಟ್ಟು ಹೇಳಿ: 'ಇಂಥ ದಿನ ಬೆಟ್ಟಕ್ಕೆ ಹೋಗಿದ್ದೆ, ಅಲ್ಲಿ ಮಂಗ ಸತ್ತಿತ್ತು.' ರಕ್ತ ಪರೀಕ್ಷೆ ಮೊದಲ ದಿನಗಳಲ್ಲೇ ಆಗಬೇಕು. ಮನೆಯಲ್ಲಿ ಕೂತು ಅಂಗಡಿಯ ಮಾತ್ರೆ ನುಂಗಬೇಡಿ. ಆಸ್ಪಿರಿನ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ರಕ್ತಸ್ರಾವವನ್ನು ಹೆಚ್ಚಿಸಬಹುದು.

ಇದಕ್ಕೆಂದೇ ಇರುವ ಔಷಧಿ ಇಲ್ಲ. ಆದರೆ ಬೇಗ ಆಸ್ಪತ್ರೆ ಸೇರಿದರೆ, ನೀರಿನಂಶ, ರಕ್ತದೊತ್ತಡ ನೋಡಿಕೊಂಡರೆ ಬಹುತೇಕ ಜನ ಉಳಿಯುತ್ತಾರೆ. ರೋಗ ಬಂದ 100 ಜನರಲ್ಲಿ 3ರಿಂದ 5 ಜನ ಸಾಯುತ್ತಾರೆ ಅನ್ನುವುದು ಸಾಮಾನ್ಯ ಲೆಕ್ಕ. ಜ್ವರ ಇಳಿದು ಒಂದೆರಡು ವಾರ ಚೆನ್ನಾಗಿದ್ದು ಮತ್ತೆ ಬರುವುದುಂಟು. ಆಗ ತಲೆನೋವಿನ ಜೊತೆ ಕೈ ನಡುಕ, ಮಂಪರು, ಗೊಂದಲದ ಮಾತು ಕಂಡರೆ ತಡ ಮಾಡದೆ ದೊಡ್ಡ ಆಸ್ಪತ್ರೆಗೆ ಒಯ್ಯಿರಿ. ಜ್ವರ ಬಿಟ್ಟವರ ಮನೆಗೆ ಆಶಾ 3 ವಾರ ಹೋಗಿ ಬರುತ್ತಿರಲಿ. ಆಂಬುಲೆನ್ಸ್ ಬರಲಾಗದ ಹಿನ್ನೀರಿನಾಚೆಯ ಊರುಗಳಲ್ಲಿ ಯಾರ ಜೀಪು ರಾತ್ರಿ ಸಿಗುತ್ತದೆ, ಲಾಂಚಿನ ಹೊತ್ತು ಏನು, ಅದನ್ನೂ ಬೋರ್ಡಿನಲ್ಲಿ ಬರೆಯಿರಿ.

ಮೇ ತಿಂಗಳ ಕೊನೆಗೆ ಅದೇ ಜನ ಮತ್ತೊಮ್ಮೆ ಡೈರಿಯಲ್ಲಿ ಸೇರುತ್ತೇವೆ. ಮಂಗ ಸತ್ತ ಸುದ್ದಿ ಬಂದದ್ದು ಎಷ್ಟು ಗಂಟೆಗೆ, ಪುಡಿ ಹೊಡೆದದ್ದು ಎಷ್ಟು ಗಂಟೆಗೆ, ಆ ಎರಡು ಅಂಕಿಗಳನ್ನು ಮೇಷ್ಟ್ರು ಓದುತ್ತಾರೆ. ನಮ್ಮಲ್ಲಿ 5 ದಿನ ಹಿಡಿಯುತ್ತಿದ್ದದ್ದು ಕಳೆದ ಸಲ ಅದೇ ಸಂಜೆಗೆ ಮುಗಿದಿತ್ತು. ವರ್ಗವಾಗಿ ಹೋಗುವ ಡಾಕ್ಟರು, ಗಾರ್ಡು ಹೊಸದಾಗಿ ಬರುವವರ ನಂಬರನ್ನು ಗುಂಪಿಗೆ ಸೇರಿಸಿಯೇ ಹೋಗಬೇಕು ಅಂತ ಕೇಳಿಕೊಳ್ಳುತ್ತೇವೆ. ಹೊಸ ಚುಕ್ಕೆಗಳನ್ನು ಹಾಕಿ ನಕ್ಷೆಯನ್ನು ಮತ್ತೆ ಗೋಡೆಗೆ ಏರಿಸುತ್ತೇವೆ. ಅಷ್ಟು ಹೊತ್ತಿಗೆ ಮಳೆ ಹಿಡಿಯುತ್ತದೆ. ಆ ವಾರವೇ ನಾನು ಟಾರ್ಚ್ ಹಿಡಿದು ಮನೆ ಮನೆಯ ಕೊಟ್ಟಿಗೆಗೆ ದನದ ಕಿವಿ ನೋಡಲು ಹೊರಡುತ್ತೇನೆ.